ಅಳಿಸಿದ ಸಾಲು

ಅನೀಶ್ ಚಾಗಂಟಿ ನಿರ್ದೇಶನದ ‘ಸರ್ಚಿಂಗ್’ (2018) ಇಡಿಯಾಗಿ ಪರದೆಗಳ ಮೇಲೆಯೇ ನಡೆಯುವ ಚಿತ್ರ. ಕ್ಯಾಲಿಫೋರ್ನಿಯಾದ ಡೇವಿಡ್ ಕಿಮ್‌ನ ಹದಿಹರೆಯದ ಮಗಳು ಮಾರ್ಗೊ ಕಾಣೆಯಾಗಿದ್ದಾಳೆ. ಅವಳು ಬಿಟ್ಟುಹೋದ ಲ್ಯಾಪ್‌ಟಾಪ್ ತೆರೆದು, ಪಾಸ್‌ವರ್ಡ್ ಬದಲಿಸಿ, ಫೇಸ್‌ಬುಕ್ ಗೆಳೆಯರನ್ನೆಲ್ಲ ವಿಚಾರಿಸುತ್ತಾನೆ. ಯಾರೂ ಅವಳಿಗೆ ಆಪ್ತರಲ್ಲ. ಪಿಯಾನೊ ಪಾಠವನ್ನು ಅವಳು ಬಿಟ್ಟು ತಿಂಗಳುಗಳೇ ಆಗಿವೆ. ಅಪ್ಪ ಮಾತ್ರ ಅದಕ್ಕೆಂದು ಹಣ ಕೊಡುತ್ತಲೇ ಇದ್ದ.

ಪರದೆಯ ತಂತ್ರಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಸಣ್ಣ ಸಂಗತಿ. ಮಗಳು ಕಾಣೆಯಾಗುವ ಮುನ್ನ, ಅವಳಿಗೆ ಸಂದೇಶ ಬರೆಯುತ್ತ ಡೇವಿಡ್ ತೀರಿಹೋದ ಅವಳ ಅಮ್ಮನ ಪ್ರಸ್ತಾಪ ತರುತ್ತಾನೆ. ಒಂದು ಗಳಿಗೆ ತಡೆದು ಅಳಿಸಿಬಿಡುತ್ತಾನೆ. ಅದನ್ನು ಕಂಡವರು ಪ್ರೇಕ್ಷಕರು ಮಾತ್ರ. ಆಮೇಲೆ ಮಗಳ ಜಾಲತಾಣಗಳನ್ನೆಲ್ಲ ಜಾಲಾಡುವ ಅಪ್ಪನಿಗೆ ಸಿಗುವುದೂ ಅವಳು ಕಳಿಸಿದ್ದು, ಹಾಕಿದ್ದು ಅಷ್ಟೇ. ಅವಳೂ ಹೀಗೆ ಬರೆದು ಅಳಿಸಿದ್ದೆಷ್ಟೋ! (ನನ್ನ ಲ್ಯಾಪ್‌ಟಾಪ್ ತೆರೆದವರಿಗೆ ಪಿಎಚ್.ಡಿ.ಯ ಪಿಡಿಎಫ್‌ಗಳಷ್ಟೇ ಸಿಕ್ಕಾವು, ಪಾಪ.)

ಆದರೆ ಕೊನೆಯ ತಿರುವುಗಳಲ್ಲಿ ಚಿತ್ರ ತಾನು ಕಂಡದ್ದನ್ನೇ ಮರೆಯುತ್ತದೆ. ಪ್ರತಿ ಗುಟ್ಟಿಗೂ ಎಲ್ಲೋ ಒಂದು ಫೈಲ್ ಇದೆ, ಹುಡುಕಿದರೆ ಸಾಕು ಎನ್ನುವ ಪತ್ತೇದಾರಿ ಭರವಸೆಗೆ ಜಾರುತ್ತದೆ. ಅಮ್ಮನ ಮಾತು ಕೊನೆಗೆ ಮಗಳನ್ನು ಮುಟ್ಟುತ್ತದೆ, ನಿಜ. ಆದರೆ ಅದು ಯಾವ ಹುಡುಕಾಟದಲ್ಲೂ ಸಿಕ್ಕಿದ್ದಲ್ಲ. ಡೇವಿಡ್ ಈ ಸಲ ಅಳಿಸಲಿಲ್ಲ, ಅಷ್ಟೇ.