ಸಮಾನರ ನಡುವಣ ಅಂತರ: ಪೋಲೆಂಡಿನ ಕುಲೀನರ ಭಾವಚಿತ್ರಗಳು

ಹದಿನೇಳು ಮತ್ತು ಹದಿನೆಂಟನೆಯ ಶತಮಾನಗಳ ಪೋಲಿಷ್ ಭಾವಚಿತ್ರಗಳ ಬಗ್ಗೆ ಕಲಾವಿಮರ್ಶೆಯಲ್ಲಿ ಆಗಾಗ ಕೇಳಿಬರುವ ಆಕ್ಷೇಪವೊಂದಿದೆ. ಅವುಗಳಲ್ಲಿ ನೆಳಲು-ಬೆಳಕಿನ ಹದವಿಲ್ಲ, ಆಕೃತಿಗಳು ಚಪ್ಪಟೆಯಾಗಿವೆ, ಒಟ್ಟಿನಲ್ಲಿ ಅವು ಪಶ್ಚಿಮ ಯುರೋಪಿನ ಕಲೆಯ ಪ್ರಾಂತೀಯ ಅನುಕರಣೆಗಳು ಎಂಬುದೇ ಆ ಆಕ್ಷೇಪ. ಚಿತ್ರಗಳನ್ನು ಬರೆಸಿದ ಸಮಾಜದ ಅಗತ್ಯವನ್ನು ಪರಿಗಣಿಸದ ಕಾರಣ ಈ ನಿರ್ಣಯವನ್ನು ಒಪ್ಪುವುದು ಕಷ್ಟ.

ಪೋಲೆಂಡಿನ ಕುಲೀನವರ್ಗವಾದ ‘ಶ್ಲಾಖ್ತಾ’ ತನ್ನನ್ನು ಪ್ರಾಚೀನ ಸರ್ಮಾಟಿಯನ್ನರ ಸಂತತಿಯೆಂದು ಭಾವಿಸಿತ್ತು. ಅದರೊಳಗೆ ಎಲ್ಲರೂ ಕಾನೂನಿನ ಮುಂದೆ ಸಮಾನರು. 1638ರಲ್ಲಿ ‘ಸೇಮ್’ ಎಂಬ ಪ್ರತಿನಿಧಿಸಭೆಯು, ಕೆಲವು ಹಳೆಯ ಮನೆತನಗಳನ್ನು ಬಿಟ್ಟು, ಬಿರುದುಗಳ ಬಳಕೆಯನ್ನು ನಿಷೇಧಿಸಿತು. ಆದರೆ ಅನೇಕ ಹಳ್ಳಿಗಳ ಒಡೆಯನೂ ತಾನೇ ನೇಗಿಲು ಹಿಡಿಯುವ ಬಡವನೂ ಈ ಒಂದೇ ವರ್ಗಕ್ಕೆ ಸೇರಿದವರು. ಕಾನೂನು ಹೇಳಲಾರದ ಈ ಅಂತರವನ್ನು ಭಾವಚಿತ್ರ ಹೇಳಬೇಕಾಯಿತು.

ತೊಮಾಶ್ ದೊಲಾಬೆಲ್ಲಾ ರಚಿಸಿದನೆನ್ನಲಾದ, ಸುಮಾರು 1634ರ ಸ್ತಾನಿಸ್ವಾಫ್ ತೆಂಚಿನ್‌ಸ್ಕಿಯ ಪೂರ್ಣಾಕೃತಿಯ ಚಿತ್ರವನ್ನು ಗಮನಿಸಬಹುದು. ಇಲ್ಲಿ ದೇಹಕ್ಕಿಂತ ಉಡುಪು ಮುಖ್ಯ. ಬಟ್ಟೆಯ ಬೆಲೆ ನೋಡುಗನಿಗೆ ಸ್ಪಷ್ಟವಾಗಿ ತಿಳಿಯಬೇಕು. ಗಾಢವಾದ ನೆಳಲು ಅದನ್ನು ಮರೆಮಾಡುತ್ತಿತ್ತು. ಚಪ್ಪಟೆತನವು ಇಲ್ಲಿ ಅಶಕ್ತಿಯಲ್ಲ, ಪ್ರಯೋಜನ.

ಶವಪೆಟ್ಟಿಗೆಯ ಭಾವಚಿತ್ರಗಳು ಇದಕ್ಕಿಂತ ವಿಶಿಷ್ಟವಾದವು. ಲೋಹದ ತಗಡಿನ ಮೇಲೆ, ಹೆಚ್ಚಾಗಿ ಆರು ಅಥವಾ ಎಂಟು ಮೂಲೆಗಳಲ್ಲಿ ಬರೆದ ಇವನ್ನು ಪೆಟ್ಟಿಗೆಯ ತಲೆಯ ಕಡೆಗೆ ಜೋಡಿಸುತ್ತಿದ್ದರು. ಮೃತನು ತನ್ನ ಅಂತ್ಯಕ್ರಿಯೆಗೆ ನೆರೆದವರನ್ನು ನೇರವಾಗಿ ನೋಡುತ್ತಾನೆ. ಸುಕ್ಕು, ಜೋಲುಗಲ್ಲಗಳನ್ನು ಮುಚ್ಚಿಲ್ಲ, ಏಕೆಂದರೆ ಅವನನ್ನು ನೆರೆಹೊರೆಯವರು ಗುರುತಿಸಬೇಕು. ಪದವಿಯನ್ನು ಸಾರುವ ಕೆಲಸ ಪಕ್ಕದ ಲಾಂಛನಫಲಕದ್ದು. ಅದರ ಸುತ್ತಲಿನ ಅಕ್ಷರಗಳು ಹೆಸರು-ಹುದ್ದೆಗಳ ಸಂಕ್ಷೇಪಗಳು. ಹೀಗೆ ಮುಖಕ್ಕೆ ಹೊಗಳಿಕೆಯ ಹೊರೆ ತಪ್ಪಿತು. ಈ ನಿರ್ದಾಕ್ಷಿಣ್ಯ ವಾಸ್ತವತೆಯನ್ನು ಅನುಕರಣೆಯೆನ್ನಲಾಗದು.

1781ರಲ್ಲಿ ಝಾಕ್-ಲೂಯಿ ದಾವಿದ್ ರಚಿಸಿದ, ವಿಲಾನೂಫ್ ಅರಮನೆಯಲ್ಲಿರುವ ಸ್ತಾನಿಸ್ವಾಫ್ ಕೋಸ್ತ್ಕಾ ಪೊತೊತ್ಸ್ಕಿಯ ಅಶ್ವಾರೂಢ ಚಿತ್ರ ಕೌಶಲದಲ್ಲಿ ಇವೆಲ್ಲವನ್ನೂ ಮೀರಿಸುತ್ತದೆ. ಆದರೆ ಅಲ್ಲಿ ಕುಲೀನರ ಸಾಂಪ್ರದಾಯಿಕ ನಿಲುವಂಗಿ ‘ಕೊಂತುಶ್’ ಇಲ್ಲ, ಅದರ ನಡುಪಟ್ಟಿಯೂ ಇಲ್ಲ. ಎದೆಯ ಮೇಲಿರುವುದು ‘ಬಿಳಿಯ ಹದ್ದು’ ಪದವಿಯ ನೀಲಿ ಪಟ್ಟಿ. ನಡುಪಟ್ಟಿಯನ್ನು ಯಾವ ಕುಲೀನನಾದರೂ ಕಟ್ಟಬಹುದಿತ್ತು, ನೀಲಿ ಪಟ್ಟಿಯನ್ನು ಮಾತ್ರ ಅರಸನೇ ಕೊಡಬೇಕು. ಚಿತ್ರಕಲೆ ಪರಿಷ್ಕಾರಗೊಂಡ ಈ ಕೃತಿಯಲ್ಲಿ ಸಮಾನತೆಯ ಸೋಗೂ ಉಳಿದಿಲ್ಲ. ಕೌಶಲವೊಂದನ್ನೇ ಅಳತೆಗೋಲಾಗಿಸಿಕೊಂಡ ವಿಮರ್ಶೆಗೆ ಈ ನಷ್ಟ ಕಾಣಿಸುವುದಿಲ್ಲ.