ಹದಿಮೂರಕ್ಕೆ ಅರ್ಧ

ಗಾರ್ಮೆಂಟ್ಸ್ ಕಾರ್ಖಾನೆಯ ಲೈನಿನಲ್ಲಿ ಮಾತಿಗೆ ಜಾಗ ಕಡಿಮೆ. ಒಬ್ಬಳು ಕಾಲರ್ ಕೂಡಿಸುತ್ತಾಳೆ, ಮುಂದಿನವಳು ತೋಳು ಹಚ್ಚುತ್ತಾಳೆ, ಅದರಾಚೆ ಕಾಜಾ, ಗುಂಡಿ. ಹಿಂದಿನವಳ ಕೈ ನಿಂತರೆ ಮುಂದಿನವಳಿಗೆ ಪೀಸಿಲ್ಲ. ಮುಂದಿನವಳು ತಡವರಿಸಿದರೆ ಅವಳ ಪಕ್ಕ ಪೀಸುಗಳ ಗುಡ್ಡೆ. ಗಂಟೆಗೆ ಇಷ್ಟು ಎಂಬ ಟಾರ್ಗೆಟ್ಟು ಬೋರ್ಡಿನ ಮೇಲೆ, ಸೂಪರ್‌ವೈಸರ್ ಬೆನ್ನ ಹಿಂದೆ. ‘ಸಾಫ್ಟ್ ಸ್ಕಿಲ್ಸ್’ ಎಂದೊಡನೆ ನಮಗೆ ನೆನಪಾಗುವ ಟೈ ಕಟ್ಟಿದ ಹುಡುಗ, ಪ್ರೊಜೆಕ್ಟರ್, ಏಸಿ ರೂಮು ಯಾವುದೂ ಇಲ್ಲಿಲ್ಲ. ಆದರೂ ಈ ವಿದ್ಯೆಯಿಂದ ಸಿಗುವುದೇನು, ಸಿಗುವುದು ಯಾರಿಗೆ ಎಂದು ಲೆಕ್ಕ ಹಿಡಿದು ನೋಡಿದ ಗಟ್ಟಿ ಪ್ರಯೋಗವೊಂದು ನಡೆದಿರುವುದು ಬೆಂಗಳೂರಿನ ಇಂಥ ಲೈನುಗಳಲ್ಲೇ.

ಅಮೆರಿಕದ ಉಡುಪು ಕಂಪನಿ ಗ್ಯಾಪ್, ತನಗೆ ಬಟ್ಟೆ ಹೊಲಿದು ಕೊಡುವ ಕಾರ್ಖಾನೆಗಳ ಹೆಂಗಸರಿಗಾಗಿ 2007ರಲ್ಲಿ ‘ಪೇಸ್’ ಎಂಬ ತರಬೇತಿ ಆರಂಭಿಸಿತು. ಶಾಹಿ ಎಕ್ಸ್‌ಪೋರ್ಟ್ಸ್‌ನ ಬೆಂಗಳೂರಿನ ಐದು ಕಾರ್ಖಾನೆಗಳಲ್ಲಿ 2013-14ರ ಹೊತ್ತಿಗೆ ಇದು ನಡೆದಾಗ ಅಚ್ಯುತ ಅಧ್ವರ್ಯು, ನಮ್ರತಾ ಕಾಲಾ, ಅನಂತ್ ನೈಷಧಂ ಎಂಬ ಮೂವರು ಅರ್ಥಶಾಸ್ತ್ರಜ್ಞರು ಅದನ್ನು ಪರೀಕ್ಷೆಗೆ ಒಡ್ಡಿದರು. ಸೇರಲು ಹೆಸರು ಕೊಟ್ಟವರ ನಡುವೆ ಲಾಟರಿ ಎತ್ತಿದರು. ಹೆಸರು ಬಂದವರಿಗೆ ಪಾಠ, ಬಾರದವರು ಹೋಲಿಕೆಗೆ. ಹೀಗಾಗಿ, ಹುರುಪಿರುವವರೇ ಬಂದು ಸೇರಿಕೊಂಡರು, ಅದಕ್ಕೇ ಫಲ ಕಂಡಿತು ಎಂದು ಯಾರೂ ಜಾರಿಕೊಳ್ಳುವಂತಿಲ್ಲ. ಪಾಠ ಸುಮಾರು 80 ಗಂಟೆ, ತಿಂಗಳುಗಟ್ಟಲೆ ಹರಡಿಕೊಂಡು. ಮಾತುಕತೆ, ಸಮಯ ಹೊಂದಿಸಿಕೊಳ್ಳುವುದು, ತೊಡಕು ಬಂದಾಗ ಬಿಡಿಸಿಕೊಳ್ಳುವುದು, ದುಡ್ಡಿನ ಲೆಕ್ಕ, ಕಾನೂನು, ಆರೋಗ್ಯ ಎಲ್ಲ ಅದರೊಳಗೆ.

ಫಲಿತಾಂಶ 2023ರಲ್ಲಿ ‘ಜರ್ನಲ್ ಆಫ್ ಪೊಲಿಟಿಕಲ್ ಎಕಾನಮಿ’ಯಲ್ಲಿ ಅಚ್ಚಾಯಿತು. ಕಲಿತ ಹೆಂಗಸರ ಉತ್ಪಾದಕತೆ, ಕಲಿಯದವರಿಗಿಂತ 13 ಶೇಕಡಾ ಹೆಚ್ಚು. ಮಾತಿನಲ್ಲಿ, ನಾಲ್ಕು ಜನರ ನಡುವೆ ಬೆರೆಯುವುದರಲ್ಲಿ ಮೊದಲಿಗಿಂತ ಬಿಚ್ಚುಮನಸ್ಸು. ಹೊಲಿಗೆಯ ಒಂದೇ ಒಂದು ಪಾಠ ಹೇಳಿಕೊಡದೆ ಹೊಲಿಗೆ ಚುರುಕಾಗಿತ್ತು! ಇದರಲ್ಲಿ ಮಾಟವೇನಿಲ್ಲ. ದಾರ ಪದೇಪದೇ ತುಂಡಾಗುತ್ತಿದೆ ಎಂದು ಮೆಕ್ಯಾನಿಕ್ಕನ್ನು ಆಗಲೇ ಕೂಗುವವಳಿಗೂ, ಬೈಸಿಕೊಳ್ಳುವ ಹೆದರಿಕೆಗೆ ಅರ್ಧ ಗಂಟೆ ಅದರಲ್ಲೇ ಏಗುವವಳಿಗೂ ಇರುವ ವ್ಯತ್ಯಾಸವನ್ನು ಲೈನಿನಲ್ಲಿ ಕೂತ ಯಾರಾದರೂ ಹೇಳಬಲ್ಲರು.

ಕಂಪನಿಯ ಕಡೆಯ ಲೆಕ್ಕವೂ ಇದೆ. ತರಬೇತಿ ಮುಗಿದ ಎಂಟು ತಿಂಗಳಿಗೆ, ಹಾಕಿದ ಹಣದ ಮೇಲೆ ನಿವ್ವಳ ಲಾಭ 256 ಶೇಕಡಾ. ಆ ಹೆಂಗಸರ ಸಂಬಳ ಏರಿದ್ದು ಅರ್ಧ ಶೇಕಡಾ.

ಪೇಸ್ ಒಳ್ಳೆಯ ಕಾರ್ಯಕ್ರಮ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ನಮ್ಮ ಕಾಲೇಜುಗಳ ಪ್ಲೇಸ್‌ಮೆಂಟ್ ತರಬೇತಿಯ ಪಕ್ಕದಲ್ಲಿಟ್ಟರೆ ಅದರ ತೂಕ ಇನ್ನೂ ಚೆನ್ನಾಗಿ ಕಾಣುತ್ತದೆ. ಅಂಥ ಒಂದು ತರಬೇತಿಯಲ್ಲಿ ನಾನೂ ಕೂತಿದ್ದೆ. ಮೂರು ದಿನ. ‘ಮೈಸೆಲ್ಫ್’ ಎಂದು ಶುರುಮಾಡಬಾರದು, ಕೈ ಕುಲುಕುವಾಗ ಕಣ್ಣು ತಪ್ಪಿಸಬಾರದು, ನಿಮ್ಮ ದೌರ್ಬಲ್ಯವೇನು ಎಂದು ಕೇಳಿದರೆ ‘ಅತಿಯಾಗಿ ದುಡಿಯುವುದು’ ಎನ್ನಬೇಕು. ಗ್ರೂಪ್ ಡಿಸ್ಕಷನ್ನಿನಲ್ಲಿ ಮೊದಲು ಬಾಯಿ ತೆಗೆದವನಿಗೆ ಅಂಕ. ಇನ್ನೊಬ್ಬರ ಮಾತು ಕೇಳಿಸಿಕೊಂಡು ತನ್ನ ಅಭಿಪ್ರಾಯ ಬದಲಿಸಿಕೊಂಡವನಿಗೆ ಸೊನ್ನೆ. ಕನ್ನಡ ಮಾಧ್ಯಮದಿಂದ ಬಂದವರು ಮೂರೂ ದಿನ ಹಿಂದಿನ ಬೆಂಚಿನಲ್ಲಿ ಮುದುಡಿ ಕೂತಿದ್ದರು. ಅವರಿಗಿದ್ದದ್ದು ಇಂಗ್ಲಿಷಿನ ಕೊರತೆ, ಆದರೆ ವರದಿಯಲ್ಲಿ ಬಿದ್ದ ಹೆಸರು ‘ಆತ್ಮವಿಶ್ವಾಸದ ಕೊರತೆ’. ಅವರಲ್ಲೊಬ್ಬ ಊರಿನಲ್ಲಿ ಅಣ್ಣತಮ್ಮಂದಿರ ಜಮೀನು ಜಗಳವನ್ನು ಕೋರ್ಟಿಗೆ ಹೋಗದಂತೆ ಕೂರಿಸಿ ಬಗೆಹರಿಸಿ ಬಂದವನು. ಅದಕ್ಕೆ ಅಲ್ಲಿ ಕಾಲಮ್ಮಿರಲಿಲ್ಲ.

ಈ ಗೊಂದಲ ಹೆಸರಿನಲ್ಲೇ ಇದೆ. ‘ಸಾಫ್ಟ್ ಸ್ಕಿಲ್’ ಎಂಬ ಮಾತನ್ನು ಮೊದಲು ಬಳಕೆಗೆ ತಂದವರಲ್ಲಿ ಅಮೆರಿಕದ ಸೇನೆಯೂ ಒಂದು. ಟ್ಯಾಂಕು, ಬಂದೂಕಿನಂಥ ಯಂತ್ರಗಳ ಜತೆ ಮಾಡುವ ಕೆಲಸ ಒಂದು ಕಡೆ. ಜನ, ಕಾಗದಪತ್ರಗಳ ಜತೆ ಮಾಡುವ ಕೆಲಸ ಇನ್ನೊಂದು ಕಡೆ. 1972ರಲ್ಲಿ ಈ ಬಗ್ಗೆಯೇ ಸೇನೆ ಸಮ್ಮೇಳನ ನಡೆಸಿದಾಗ ಸಂಶೋಧಕ ಪಾಲ್ ವಿಟ್‌ಮೋರ್ ಮತ್ತು ಜೊತೆಗಾರರು ಮುಟ್ಟಿದ ತೀರ್ಮಾನ ಬಲು ಮೋಜಿನದು: ನಮಗೆ ಚೆನ್ನಾಗಿ ಗೊತ್ತಿರುವ ಕೆಲಸಗಳನ್ನು ಗಟ್ಟಿ ಎನ್ನುತ್ತಿದ್ದೇವೆ, ಅಷ್ಟಾಗಿ ಗೊತ್ತಿಲ್ಲದವನ್ನು ಮೆತ್ತಗಿನವು ಎನ್ನುತ್ತಿದ್ದೇವೆ. ಹೆಸರಿಟ್ಟವರೇ ಕೈಬಿಡಲು ನೋಡಿದ ಹೆಸರನ್ನು ನಾವು ‘ಮೃದು ಕೌಶಲ’ ಎಂದು ಕನ್ನಡಿಸಿಕೊಂಡಿದ್ದೇವೆ, ಹತ್ತಿಯಿಂದ ಮಾಡಿದ್ದೇನೋ ಎಂಬಂತೆ.

ಇನ್ನು ಆ ಅರ್ಧ ಶೇಕಡಾ. ಮಾರುಕಟ್ಟೆಯ ತೊಡಕುಗಳೇ ದುಡಿಮೆಗೂ ಕೂಲಿಗೂ ನಡುವೆ ಈ ಕಂದಕ ತೋಡಿವೆ ಎನ್ನುತ್ತಾರೆ ಸಂಶೋಧಕರು. ನನ್ನ ಮಾತಿನಲ್ಲಿ ಹೇಳುವುದಾದರೆ, ಓವರ್‌ಲಾಕ್ ಹೊಲಿಗೆ ಬಲ್ಲವಳು ಬೇರೆ ಕಾರ್ಖಾನೆಯ ಗೇಟಿಗೆ ಹೋದರೆ ಮೆಷಿನ್ ಮುಂದೆ ಕೂರಿಸಿ ನೋಡುತ್ತಾರೆ. ಹತ್ತು ನಿಮಿಷದಲ್ಲಿ ಅವಳ ಕೈ ಎಂಥದೆಂದು ತಿಳಿಯುತ್ತದೆ. ತೊಡಕನ್ನು ಮೊದಲೇ ಹೇಳುವ, ಪಕ್ಕದವಳ ಜತೆ ಹೊಂದಿ ನಡೆಯುವ ಗುಣವನ್ನು ಗೇಟಿನಲ್ಲಿ ನಿಂತು ತೋರಿಸುವುದು ಹೇಗೆ? ಅದಕ್ಕೆ ಗಿರಾಕಿ ಒಬ್ಬನೇ, ಈಗಿರುವ ಧಣಿ. ಒಬ್ಬನೇ ಗಿರಾಕಿಯಿರುವ ಸಂತೆಯಲ್ಲಿ ಬೆಲೆ ಹೇಳುವವನೂ ಅವನೇ. ಕನಿಷ್ಠ ವೇತನದ ಆಸುಪಾಸಿನಲ್ಲೇ ಸಂಬಳ ಸುತ್ತುವ ಈ ಉದ್ಯಮದಲ್ಲಂತೂ ‘ಚೆನ್ನಾಗಿ ಮಾತಾಡಲು ಕಲಿತೆ, ಕೂಲಿ ಜಾಸ್ತಿ ಮಾಡಿ’ ಎಂದರೆ ಸಿಗುವ ಉತ್ತರ ಊಹಿಸಲು ಕಷ್ಟವಿಲ್ಲ. ಹೀಗಿರುವಾಗ ಪುಸ್ತಕದಂಗಡಿಯ ‘ಉದ್ಯೋಗದಲ್ಲಿ ಯಶಸ್ಸು’ ಕಪಾಟಿನ ಮುಂದೆ ನಿಂತಾಗಲೆಲ್ಲ, ಯಾರ ಯಶಸ್ಸು ಎಂದು ಕೇಳಬೇಕೆನಿಸುತ್ತದೆ. ಆ ಕಪಾಟಿನಲ್ಲಿ ಸಂಬಳದ ಚೌಕಾಸಿ ಹೇಳಿಕೊಡುವ ಪುಸ್ತಕಗಳೂ ಇವೆ, ನಿಜ, ಅವು ಮ್ಯಾನೇಜರುಗಳಿಗೆ.

ಪೇಸ್ ಬಗ್ಗೆ ನನ್ನ ಇನ್ನೊಂದು ತಕರಾರು ಭಾಷೆಯದು. ಕನ್ನಡದಲ್ಲಿ ಮರ್ಯಾದೆ ಕ್ರಿಯಾಪದದ ಬಾಲದಲ್ಲಿ ಕೂತಿರುತ್ತದೆ. ‘ಬನ್ನಿ’ಗೂ ‘ಬಾರೇ’ಗೂ ನಡುವಿನ ದೂರ ಇಂಗ್ಲಿಷಿನಲ್ಲಿ ಬರೆದ ಯಾವ ಪಠ್ಯಕ್ಕೂ ಕಾಣದು. ಮನೆಯಲ್ಲಿ ಅಕ್ಕನೋ ಅಮ್ಮನೋ ‘ಬಾರೇ’ ಎಂದರೆ ಅಕ್ಕರೆ. ಫ್ಲೋರಿನಲ್ಲಿ ತನಗಿಂತ ಹದಿನೈದು ವರ್ಷ ಚಿಕ್ಕವನಾದ ಸೂಪರ್‌ವೈಸರ್ ‘ಏನೇ, ನಿದ್ದೆ ಮಾಡ್ತಿದ್ದೀಯಾ?’ ಎಂದರೆ ಅದು ಬೇರೆ. ಬೈಗುಳದ ದೂರು ಗಾರ್ಮೆಂಟ್ಸ್ ಹೆಂಗಸರ ಬಾಯಲ್ಲಿ ಹಳೆಯದು. ಸಂವಹನ ಕಲೆ ಮೊದಲು ಕಲಿಯಬೇಕಾದವರು ಯಾರು? ತರಬೇತಿಯ ಹೊರೆ ಸದಾ ಕೆಳಗಿನವರ ಹೆಗಲಿಗೇ ಬೀಳುವುದು ಈ ಇಡೀ ವಿದ್ಯೆಯ ರೂಢಿ. ಕಾಲೇಜಿನಲ್ಲೂ ಅಷ್ಟೆ: ಸಂದರ್ಶನ ಕೊಡುವವನಿಗೆ ಮೂರು ದಿನದ ಪಾಠ, ಸಂದರ್ಶನ ಮಾಡುವವನಿಗೆ ಒಂದು ಕಾಫಿ.

ಮೇಲಿನವರು ಕೇಳಿಸಿಕೊಳ್ಳುವುದು ಎಷ್ಟು ಅಗ್ಗ ಎಂಬುದಕ್ಕೂ ಗಾರ್ಮೆಂಟ್ಸ್‌ನಲ್ಲೇ ಪುರಾವೆಯಿದೆ. ಅಧ್ವರ್ಯು, ನೈಷಧಂ ಮತ್ತು ತೆರೆಸಾ ಮೊಲಿನಾ ನಡೆಸಿದ ಇನ್ನೊಂದು ಪ್ರಯೋಗದಲ್ಲಿ, ಸಂಬಳ ಏರಿಕೆ ನಿರೀಕ್ಷೆಗಿಂತ ಕಡಿಮೆಯಾಗಿ ಬೇಸರಗೊಂಡಿದ್ದ ಕಾರ್ಮಿಕರಲ್ಲಿ ಕೆಲವರಿಗೆ, ಹೆಸರು ಬರೆಯದೆ ಅನಿಸಿದ್ದನ್ನು ಹೇಳಲು ಒಂದು ಸಮೀಕ್ಷೆ ಕೊಟ್ಟರು. ಸೂಪರ್‌ವೈಸರ್ ಹೇಗೆ, ಕೆಲಸ ಹೇಗೆ, ತೃಪ್ತಿಯಿದೆಯೇ. ಹಾಗೆ ಹೇಳಿಕೊಳ್ಳುವ ಅವಕಾಶ ಸಿಕ್ಕವರಲ್ಲಿ ಕೆಲಸ ಬಿಟ್ಟವರು, ರಜೆ ಹಾಕಿದವರು ಕಡಿಮೆಯಾದರು. ಇದನ್ನು ಓದಿ ಸಂತೋಷಪಡಬೇಕೋ ಬೇಡವೋ ನನಗೆ ತಿಳಿಯಲಿಲ್ಲ. ಕಿವಿಗೊಟ್ಟರೆ ಮನುಷ್ಯ ಉಳಿಯುತ್ತಾನೆ ಎಂಬುದು ನಿಜ. ಕೂಲಿ ಕೊಡುವುದಕ್ಕಿಂತ ಕಿವಿ ಕೊಡುವುದು ಸೋವಿ ಎಂಬುದನ್ನೂ ಯಾವ ಜಾಣ ಲೆಕ್ಕಿಗನಾದರೂ ಇದರಿಂದ ಕಲಿತಾನು.

ಯಾರೂ ಕೇಳದಿದ್ದಾಗ ಇಂಥ ಹೆಂಗಸರು ತಮ್ಮ ಮಾತು ಮುಟ್ಟಿಸಿದ ಬಗೆಯೂ ಒಂದಿದೆ. 2016ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಪಿಎಫ್ (ಭವಿಷ್ಯನಿಧಿ) ನಿಯಮ ಬದಲಿಸಿತು. ಹೊಸ ನಿಯಮದಂತೆ, ಕೆಲಸ ಬಿಟ್ಟರೂ ಮಾಲೀಕರ ಪಾಲಿನ ಹಣ 58 ವರ್ಷ ತುಂಬುವವರೆಗೆ ಕೈಗೆ ಸಿಗುವಂತಿರಲಿಲ್ಲ. ಮಗಳ ಮದುವೆಗೋ ಸಾಲಕ್ಕೋ ಅದನ್ನೇ ನೆಚ್ಚಿಕೊಂಡಿದ್ದವರಿಗೆ ಕೈಗೆ ಬಂದ ತುತ್ತು ಬಾಯಿಗೆ ಬಾರದಂತಾಯಿತು. ಏಪ್ರಿಲ್ 18ರ ಬೆಳಗ್ಗೆ ಬೆಂಗಳೂರಿನ ಹೊಸೂರು ರಸ್ತೆಯ ಗಾರ್ಮೆಂಟ್ಸ್ ಹೆಂಗಸರು ಕೆಲಸ ಬಿಟ್ಟು ಬೀದಿಗಿಳಿದರು. ಹೇಳಿಕೊಳ್ಳುವಂಥ ನಾಯಕರಿರಲಿಲ್ಲ, ವೇದಿಕೆಯಿರಲಿಲ್ಲ. ಸುದ್ದಿ ಒಂದು ಕಾರ್ಖಾನೆಯಿಂದ ಇನ್ನೊಂದಕ್ಕೆ ಬಾಯಿಂದ ಬಾಯಿಗೆ, ಮೊಬೈಲಿನಿಂದ ಮೊಬೈಲಿಗೆ ಹಬ್ಬಿತು. ಮಾರನೆಯ ದಿನ ಕಲ್ಲುತೂರಾಟ, ಲಾಠಿ, ಸುಟ್ಟ ಬಸ್ಸುಗಳೂ ಆದವು, ಅದನ್ನು ಮುಚ್ಚಿಡಬೇಕಿಲ್ಲ. ತಂಡವಾಗಿ ಕೆಲಸ ಮಾಡುವುದು, ಹೇಳಬೇಕಾದ್ದನ್ನು ಹೇಳಬೇಕಾದವರಿಗೆ ಮುಟ್ಟಿಸುವುದು ಎರಡಕ್ಕೂ ಅಲ್ಲಿ ಅಂಕ ಹಾಕುವ ತರಬೇತುದಾರರಿರಲಿಲ್ಲ. 19ರ ಸಂಜೆಯೊಳಗೆ ಆಗಿನ ಕೇಂದ್ರ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ, ಆ ನಿಯಮ ಹಿಂತೆಗೆದುಕೊಂಡಿದ್ದೇವೆ ಎಂದರು.