ಸಾಕವ್ವನ ಬಾಗಿಲು

ತುರ್ತುಪರಿಸ್ಥಿತಿ ಅಂದಕೂಡಲೆ ನಮ್ಮ ವಿಮರ್ಶಕರಿಗೆ ಜೈಲಿಗೆ ಹೋದ ಲೇಖಕರು ನೆನಪಾಗುತ್ತಾರೆ. ದೇವನೂರ ಮಹಾದೇವರ ‘ಒಡಲಾಳ’ದ ಸಾಕವ್ವ ನೆನಪಾಗುವುದಿಲ್ಲ. ಮನೆಮಂದಿಯೆಲ್ಲ ಕೂತು ಕದ್ದ ಕಡ್ಲೆಕಾಯಿ ತಿನ್ನುವ ಆ ರಾತ್ರಿಯನ್ನು ಹೊಗಳಿ ಹೊಗಳಿ ಬರೆದವರು, ಬೆನ್ನಿಗೇ ನುಗ್ಗುವ ಪೊಲೀಸರನ್ನು ಕತೆಯ ತಿರುವು ಅಂದುಕೊಂಡು ದಾಟಿಬಿಟ್ಟರು. ಆ ಮನೆಗೆ ನುಗ್ಗೋಕೆ ಯಾವ ಸುಗ್ರೀವಾಜ್ಞೆಯೂ ಬೇಕಿರಲಿಲ್ಲ.

ಹಾಗಂತ ‘ನಮಗೆ ಯಾವತ್ತೂ ತುರ್ತುಪರಿಸ್ಥಿತೀನೇ, 1975 ಏನ್ ಮಹಾ’ ಅನ್ನುವ ನಮ್ಮವರ ಮಾತನ್ನೂ ಒಪ್ಪಲಾರೆ. ಜೀತ ರದ್ದಾದದ್ದು ಆಗಲೇ ಅಲ್ಲವೇ ಅನ್ನುತ್ತಾರೆ. ನಿಜ, ಕಾಯಿದೆ ಬಂದದ್ದು 1976ರಲ್ಲಿ. ಅದೇ ವರ್ಷ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು, ಮೀಸಾದಡಿ ಹಿಡಿದೊಯ್ದವರು ಬಿಡುಗಡೆ ಕೇಳಿ ಹೈಕೋರ್ಟಿಗೂ ಹೋಗುವಂತಿಲ್ಲ ಅಂದಿತು. ಜೀತ ಬಿಟ್ಟವನು ಕೂಲಿ ಕೇಳಿ ಗಲಾಟೆ ಮಾಡಿದ ಅನ್ನಿ. ಒಂದು ಕಾಗದ ಬರೆದು ಒಳಗೆ ಹಾಕಿದರೆ ಅವನನ್ನು ಕೇಳುವವರಾರು?

ಕೊಟ್ಟವರ ಕಾಲಿಗೆ ಸ್ವಾತಂತ್ರ್ಯ ಒಪ್ಪಿಸಬೇಡಿ, ರಾಜಕಾರಣದಲ್ಲಿ ಭಕ್ತಿ ಸರ್ವಾಧಿಕಾರಕ್ಕೆ ದಾರಿ ಅಂತ ಅಂಬೇಡ್ಕರ್ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದರು. ಆ ಮಾತಿಗೆ ನಾವೂ ಹೊರಗಲ್ಲ. ಸಾಕವ್ವ ಕಳೆದ ಹುಂಜ ಹುಡುಕುತ್ತ ತಿರುಗುವುದನ್ನು ಈ ಕಣ್ಣಲ್ಲಿ ಇನ್ನೊಮ್ಮೆ ಓದಿ ನೋಡಿ. ಅವಳು ಕೇಳುತ್ತಿರುವುದು ತನ್ನದನ್ನು.